ಮಗುವಿನೊಡನೆ ಹೊರಟ ಮದ್ದಿನ ಗಂಟು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಬೆಟ್ಟದ ಬಂಡೆಗಳ ಮೇಲೂ ಬಸದಿಗಳ ಕಂಬಗಳ ಮೇಲೂ ಕೊರೆದಿರುವ ಹನ್ನೆರಡನೆಯ ಶತಮಾನದ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನೇ ಮೊದಲಾದ ಮಹನೀಯರನ್ನು ಹೊಗಳುವಾಗ ಶಾಸನಕವಿಗಳು ಅವರ ರಣಪರಾಕ್ರಮವನ್ನು ಹೇಳಿ ಸುಮ್ಮನಾಗದೆ, ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅವರಿಗಿದ್ದ ಪ್ರೀತಿಯನ್ನೂ ಬಿರುದಿನೊಳಗೆ ಸೇರಿಸುತ್ತಾರೆ. ಈ ನಾಲ್ಕರಲ್ಲಿ ಭೈಷಜ್ಯದಾನವು ಕೊಡುವವನಿಗೆ ಅತ್ಯಂತ ಕಠಿನವಾದುದೆಂದು ನನಗೆ ತೋರುತ್ತದೆ. ಅನ್ನವನ್ನಿಕ್ಕಿದವನು ಇಕ್ಕಿ ಎದ್ದುಹೋಗಬಹುದು. ಮದ್ದನ್ನು ಕೊಟ್ಟವನಾದರೋ ಅದನ್ನು ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾವುದರೊಡನೆ ಸೇವಿಸಬೇಕು, ಯಾವುದನ್ನು ವರ್ಜಿಸಬೇಕು ಎಂಬ ವಿಧಿಯನ್ನೂ ಅದರ ಜತೆಯಲ್ಲಿಯೇ ಕೊಡಬೇಕಾಗುತ್ತದೆ. ವಿಧಿ ತಪ್ಪಿದರೆ ಮದ್ದು ವ್ಯರ್ಥವಾಗುವುದು, ಕೆಲವೊಮ್ಮೆ ಅಪಾಯಕರವೂ ಆಗುವುದು.

ಏಪ್ರಿಲ್ ತಿಂಗಳಿನಲ್ಲಿ ಶಾಲೆಗಳು ಬಾಗಿಲು ಹಾಕಿದೊಡನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಿಂದ ಮಕ್ಕಳು ಹೊರಡುತ್ತಾರೆ. ಹಿಂದೆ ಅವರು ಹೊರಡುತ್ತಿದ್ದುದು ಅಜ್ಜಿಯ ಮನೆಗೆ; ಈಚೆಗೆ ಅಜ್ಜಿಯ ಮನೆಯ ಜತೆಗೆ ಬೇಸಿಗೆ ಶಿಬಿರಗಳೂ ಸೇರಿವೆ. ಹೀಗೆ ಹೊರಡುವವರಲ್ಲಿ ಪ್ರತಿದಿನವೂ ಔಷಧ ಬೇಕಾದ ಮಗುವೊಂದಿದ್ದರೆ ಅದರ ತಾಯಿಯ ಚಿಂತೆ ಬೇರೆಯೇ ಆಗಿರುತ್ತದೆ. ತನ್ನ ಕೈ ಪ್ರತಿದಿನ ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರ ಕೈಗೆ ಹೇಗೆ ಒಪ್ಪಿಸುವುದು? ನಮ್ಮ ಕಡೆಯಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆ, ಯಾರೂ ಬರೆದಿಡದಿದ್ದರೂ, ಬರೆಯತಕ್ಕುದಾದ ಚರಿತ್ರೆ.

ಶಾಸನಗಳ ಕಾಲದಲ್ಲಿಯೇ ಕನ್ನಡದಲ್ಲಿ ವೈದ್ಯಗ್ರಂಥಗಳೂ ಹುಟ್ಟಿಕೊಂಡವು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಸುಮಾರು 1200ರಲ್ಲಿ ದೇವೇಂದ್ರಮುನಿಯು ಮಕ್ಕಳ ವ್ಯಾಧಿಗಳಿಗಾಗಿಯೇ ಬಾಲಗ್ರಹಚಿಕಿತ್ಸೆ ಎಂಬ ಗ್ರಂಥವನ್ನು ರಚಿಸಿದನು. ಜೈನ ವೈದ್ಯರ ಪದ್ಧತಿಯಲ್ಲಿ ಮದ್ಯ, ಮಾಂಸಗಳೊಡನೆ ಜೇನೂ ನಿಷಿದ್ಧ. ಇತರರ ಮನೆಗಳಲ್ಲಿ ಮಗುವಿಗೆ ನೆಕ್ಕಿಸುವ ಚೂರ್ಣಕ್ಕೂ ಮಾತ್ರೆಗೂ ಜೇನುತುಪ್ಪವೇ ಮೊದಲ ಅನುಪಾನವಾಗಿರುವಾಗ, ಬೆಳಗೊಳದ ಸುತ್ತಿನ ಶ್ರಾವಕರ ಮನೆಗಳಲ್ಲಿ ಅದೇ ಮದ್ದನ್ನು ಹಾಲಿನಲ್ಲಿಯೋ ತುಪ್ಪದಲ್ಲಿಯೋ ಸಕ್ಕರೆಯ ಪಾಕದಲ್ಲಿಯೋ ಕೊಡಬೇಕಾಗುತ್ತಿದ್ದಿತು. ಅದನ್ನೂ ಹೊತ್ತು ಮುಳುಗುವುದಕ್ಕೆ ಮುಂಚೆಯೇ ಕೊಟ್ಟು ಮುಗಿಸಬೇಕಾಗುತ್ತಿದ್ದಿತು. ಇಷ್ಟರಿಂದಲೇ ಒಂದು ವಿಷಯ ಸ್ಪಷ್ಟವಾಗುತ್ತದೆ: ಮದ್ದು ಒಂದೇ ಆದರೂ ಮನೆಯಿಂದ ಮನೆಗೆ ಅದರ ವಿಧಿ ಬದಲಾಗುತ್ತಿದ್ದಿತು, ಆದುದರಿಂದ ಮಗುವನ್ನು ಕಳುಹಿಸುವವರು ಮದ್ದನ್ನು ಕಟ್ಟಿಕೊಟ್ಟರೆ ಸಾಲುತ್ತಿರಲಿಲ್ಲ.

ಗ್ರಂಥಗಳ ಮಾತು ಹಾಗಿರಲಿ. ನಮ್ಮ ತಾಲ್ಲೂಕುಗಳ ನಿಜವಾದ ಬಾಲವೈದ್ಯಶಾಲೆ ಬಚ್ಚಲಮನೆಯ ಪಕ್ಕದಲ್ಲಿ, ಬಾಣಂತಿಯ ಕೋಣೆಯ ಹೊಸ್ತಿಲಿನಲ್ಲಿ ಇದ್ದಿತು. ಅಂಗೈಯಗಲದ ಒಂದು ತೇಯುವ ಕಲ್ಲು. ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟ ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಒಣಶುಂಠಿ, ಅರಿಸಿನದ ಕೊಂಬು, ಉತ್ತುತ್ತೆ. ಅನುಕೂಲವಿದ್ದವರ ಮನೆಯಲ್ಲಿ ಚಿಟಿಕೆಯಷ್ಟು ಗೋರೋಜನ. ಕೂಸಿಗೆ ಎಣ್ಣೆಯೊತ್ತಿ ನೀರು ಹಾಕಿ ಸಾಂಬ್ರಾಣಿಯ ಹೊಗೆ ತೋರಿಸಿದ ಮೇಲೆ, ಮುದುಕಿ ಕಲ್ಲಿನ ಮೇಲೆ ತಾಯಿಯ ಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ನಾಲ್ಕು ತೊಟ್ಟು ಬಿಟ್ಟು, ಒಂದೊಂದು ಕೊಂಬನ್ನೂ ಎತ್ತಿಕೊಂಡು ಒಂದು ಸುತ್ತು, ಎರಡು ಸುತ್ತು, ಹೆಚ್ಚೆಂದರೆ ಮೂರು ಸುತ್ತು ತೇಯುವಳು. ಕಲ್ಲಿನ ಮೇಲೆ ಹಳದಿ, ಕಂದು, ಬೂದುಬಣ್ಣದ ಗೆರೆಗಳು ಒಂದರೊಳಗೊಂದು ಬೆರೆತು ತೆಳುವಾದ ಗಂಧವಾಗುವುವು. ಅದನ್ನು ತೋರುಬೆರಳಿನಿಂದ ಬಳಿದು ಬೆಳ್ಳಿಯ ಅಥವಾ ಹಿತ್ತಾಳೆಯ ಒಳಲೆಗೆ ತೆಗೆದುಕೊಂಡು, ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ, ಒಳಲೆಯ ಮೂತಿಯನ್ನು ಕೆನ್ನೆಯ ಒಳಗಡೆಗೆ ತಾಗಿಸಿ ಹನಿಹನಿಯಾಗಿ ಬಿಡುವಳು.

ಇಲ್ಲಿ ತಕ್ಕಡಿಯಿಲ್ಲ, ಅಳತೆಯ ಪಾತ್ರೆಯಿಲ್ಲ. ಸುತ್ತುಗಳ ಎಣಿಕೆಯೇ ಮದ್ದಿನ ಪ್ರಮಾಣ. ಆದರೆ ಆ ಎಣಿಕೆಯು ಆ ಕಲ್ಲಿಗೆ, ಆ ಕೈಗೆ ಮಾತ್ರ ಸಲ್ಲತಕ್ಕುದು. ಹೊಸ ಕಲ್ಲು ಒರಟಾಗಿದ್ದರೆ ಎರಡೇ ಸುತ್ತಿಗೆ ನಾಲ್ಕು ಸುತ್ತಿನಷ್ಟು ತೇಯ್ದುಬರುವುದು. ಬಲಿತ ಬಜೆಗೂ ಎಳೆಯದಕ್ಕೂ ಶಕ್ತಿಯಲ್ಲಿ ಭೇದವುಂಟು. ಬಜೆಯನ್ನು ಹಸುಳೆಗಳಿಗೆ ಕೊಡಬಾರದೆಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ; ಅದರಿಂದ ವಾಂತಿ, ಮಂಪರು ಮುಂತಾದ ತೊಂದರೆಗಳಾದುದನ್ನು ಅವರು ಕಂಡಿದ್ದಾರೆ. ಅವರ ಮಾತನ್ನು ನಾವು ಕೇಳತಕ್ಕುದೇ ಸರಿ. ನಮ್ಮ ಅಜ್ಜಿಯರ ವಾತ್ಸಲ್ಯವನ್ನು ಗೌರವಿಸುವುದಕ್ಕಾಗಿ ಅವರ ಬಜೆಯನ್ನು ಮುಂದುವರಿಸಬೇಕಾದುದಿಲ್ಲ.

ಕೂಸು ಬೆಳೆದು ಆರೇಳು ವರ್ಷದ ಹುಡುಗನಾಗಿ, ಬೇಸಿಗೆಯಲ್ಲಿ ತಾಯಿಯ ತವರಿಗೋ ಸೋದರತ್ತೆಯ ಮನೆಗೋ ಹೊರಟಾಗ, ಈ ಕೈಯ ಎಣಿಕೆಯು ಮೊದಲ ಸಲ ಮನೆಯ ಹೊಸ್ತಿಲನ್ನು ದಾಟಬೇಕಾಗುತ್ತಿದ್ದಿತು. ಹೇಮಾವತಿಯಲ್ಲಿ ನೀರು ಇಳಿದು ಗಾಡಿಗಳು ಹೊಳೆಯೊಳಗೇ ಹಾದುಹೋಗುವ ಕಾಲವದು. ಗಾಡಿಯ ಹುಲ್ಲಿನ ಮೆತ್ತೆಯ ಮೇಲೆ ಬಟ್ಟೆಯ ಗಂಟು, ಬುತ್ತಿಯ ಗಂಟು, ಇವುಗಳ ಜತೆಗೆ ಮದ್ದಿನ ಗಂಟೂ ಒಂದಿರುತ್ತಿದ್ದಿತು. ಪೇಟೆಯ ಗ್ರಂಧಿಗೆ ಅಂಗಡಿಯಿಂದ ತಂದ ಕಸ್ತೂರಿ ಮಾತ್ರೆ, ಓಮ, ಹಿಪ್ಪಲಿ. ಜಂತುಹುಳುವಿನ ಕಾಟವಿದ್ದ ಮಗುವಿಗೆ ಮುತ್ತುಗದ ಬೀಜ. ಉಬ್ಬಸದ ಮಗುವಾಗಿದ್ದರೆ ಊರ ಪಂಡಿತರು ಕಟ್ಟಿಕೊಟ್ಟ ಲೇಹ್ಯದ ಭರಣಿ. ಅಕ್ಷರ ಬಾರದ ತಾಯಿ ವಿಧಿಯನ್ನು ಬಾಯಿಮಾತಿನಲ್ಲಿಯೇ ಒಪ್ಪಿಸುವಳು: “ಕಸ್ತೂರಿ ಮಾತ್ರೆ ಅರ್ಧ ಸಾಕು ಕಣಮ್ಮ, ವೀಳ್ಯದೆಲೆ ರಸದಾಗೆ ತೇದು ಹಾಕು. ಬೆಳಿಗ್ಗೆ ಹೊತ್ತು ಹಸಿದ ಹೊಟ್ಟೇಲಿ ಲೇಹ್ಯ. ಅವನು ಉಗುಳಿಬಿಡ್ತಾನೆ, ನುಂಗೋವರೆಗೂ ಮುಂದೇಲೇ ಕೂತಿರು.” ಕೇಳಿಸಿಕೊಂಡವಳು ಅದನ್ನು ಒಮ್ಮೆ ತಿರುಗಿ ಹೇಳಿದ ಮೇಲೆಯೇ ಗಾಡಿ ಹೊರಡುತ್ತಿದ್ದಿತು. ಲೇಖನಿಯಿಲ್ಲದೆ ನಡೆಯುತ್ತಿದ್ದ ಈ ಒಪ್ಪಂದವನ್ನು ನಾನು ಬಹಳ ಮನ್ನಿಸುತ್ತೇನೆ. ಕೇಳಿದುದನ್ನು ತಿರುಗಿ ಹೇಳಿಸುವ ಕ್ರಮವನ್ನು ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ದಾದಿಯರಿಗೆ ಪ್ರತ್ಯೇಕವಾಗಿ ಕಲಿಸುತ್ತಾರೆ.

ರಜೆಯ ಕೊನೆಯಲ್ಲಿ ಹರಳೆಣ್ಣೆಯ ದಿನ. ಮಾವು ಹಲಸುಗಳನ್ನು ತಿಂದು ಕೆಟ್ಟ ಹೊಟ್ಟೆಯನ್ನು ತೊಳೆಯದೆ ಮಗುವನ್ನು ಹಿಂದಿರುಗಿಸುವುದು ತವರುಮನೆಗೆ ಅಪಕೀರ್ತಿಯೆಂಬ ಭಾವನೆಯಿದ್ದುದರಿಂದ, ಅಜ್ಜಿಯು ಒಂದು ಬೆಳಿಗ್ಗೆ ಮಕ್ಕಳೆಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಬಾಯಿಗೂ ಬಿಸಿ ಕಾಫಿಯಲ್ಲಿ ಬೆರಸಿದ ಹರಳೆಣ್ಣೆಯನ್ನು ಹಾಕಿ, ಮಧ್ಯಾಹ್ನಕ್ಕೆ ಮೆಣಸಿನ ಸಾರು ಅನ್ನವನ್ನಷ್ಟೆ ಬಡಿಸುವಳು. ಈಗ ಆ ಸಾಲು ಶಾಲೆಗೆ ಸ್ಥಳಾಂತರವಾಗಿದೆ. 2015ರಿಂದ ದೇಶದಲ್ಲಿ ಆಚರಿಸುತ್ತಿರುವ ಜಂತುಹುಳು ನಿವಾರಣಾ ದಿನದಂದು, ಎಂದರೆ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು, ಮಕ್ಕಳು ತರಗತಿಯಲ್ಲಿ ಕುಳಿತು ಉಪಾಧ್ಯಾಯರ ಕಣ್ಣೆದುರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದು ನುಂಗುತ್ತಾರೆ.

ಅರಕಲಗೂಡಿನಿಂದ ಪಶ್ಚಿಮಕ್ಕೆ ಹೋಗುವ ಮಕ್ಕಳ ಗಂಟಿನಲ್ಲಿ ಇನ್ನೊಂದು ಪದಾರ್ಥವೂ ಸೇರಬೇಕಾಗುತ್ತಿದ್ದಿತು. ಸಕಲೇಶಪುರ, ಮೂಡಿಗೆರೆಗಳ ಕಡೆಯ ಮಲೆನಾಡು ಚಳಿಜ್ವರಕ್ಕೆ ಹೆಸರಾದ ಸೀಮೆ. ರಾಕ್‌ಫೆಲರ್ ಪ್ರತಿಷ್ಠಾನದವರು ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಸಂಶೋಧನೆಗೆಂದು ಆರಿಸಿಕೊಂಡ ಸ್ಥಳಗಳಲ್ಲಿ ಮೂಡಿಗೆರೆಯೂ ಒಂದು. ಅಂಥ ಊರಿನ ನೆಂಟರ ಮನೆಗೆ ಹೋಗುವ ಮಗುವಿಗೆ ಕ್ವಿನೈನ್ ಬೇಕು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲಿ ಬಿಡಿಕಾಸಿಗೆ ಒಂದರಂತೆ ಅದರ ಪೊಟ್ಟಣಗಳನ್ನು ಮಾರಿದರು. ಒಂದು ಪೊಟ್ಟಣವೆಂದರೆ ಒಂದು ಹೊತ್ತಿನ ಮದ್ದು ಎಂಬುದು ಬಹಳ ಬೆಲೆಯುಳ್ಳ ಕಲ್ಪನೆ: ಅಳೆಯುವ ಕೆಲಸವನ್ನು ಕಟ್ಟುವವನೇ ಮಾಡಿ ಮುಗಿಸಿರುವುದರಿಂದ ಕೊಡುವವಳಿಗೆ ಎಣಿಸಲು ಬಂದರೆ ಸಾಕು. ಬಾಳೆಹಣ್ಣಿನ ಚೂರಿನೊಳಗೆ ಹುದುಗಿಸಿಯೋ ಬೆಲ್ಲದ ಉಂಡೆಯಲ್ಲಿ ಮುಚ್ಚಿಯೋ ಆ ಕಹಿಯನ್ನು ನುಂಗಿಸಬೇಕಾಗಿದ್ದಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಗಿ ಮನೆಮನೆಯ ಗೋಡೆಗಳಿಗೂ ಡಿ.ಡಿ.ಟಿ. ಬಿದ್ದ ಮೇಲೆ ಕ್ವಿನೈನ್ ಗಂಟಿನಿಂದ ಮೆಲ್ಲನೆ ಮರೆಯಾಯಿತು.

ಮನೆಯನ್ನು ಬಿಟ್ಟ ಮಗುವಿನ ಮದ್ದಿನ ಕಷ್ಟವನ್ನು ಪೂರ್ಣವಾಗಿ ತಿಳಿದಿದ್ದವರು ವಾರಾನ್ನದ ಹುಡುಗರು. ಹಳ್ಳಿಗಳಿಂದ ಹಾಸನದ ಹೈಸ್ಕೂಲಿಗೋ ಹೊಳೆನರಸೀಪುರದ ಶಾಲೆಗೋ ಬಂದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರದ ಏಳು ದಿನವೂ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ಕಾಲವೊಂದಿದ್ದಿತು. ಆ ಪದ್ಧತಿಯ ಔದಾರ್ಯವನ್ನು ಕುರಿತು ಬೇಕಾದಷ್ಟು ಜನ ಬರೆದಿದ್ದಾರೆ; ಅವರಲ್ಲೊಬ್ಬ ಹುಡುಗ ಕಾಯಿಲೆ ಬಿದ್ದರೆ ಏನಾಗುತ್ತಿದ್ದಿತೆಂಬುದನ್ನು ಬರೆದವರು ಕಡಿಮೆ. ನಮ್ಮ ವೈದ್ಯದಲ್ಲಿ ಔಷಧ ಅರ್ಧ, ಪಥ್ಯ ಅರ್ಧ. ಪಂಡಿತರು ಮಾತ್ರೆಯನ್ನು ಕೊಟ್ಟು, “ಹುಳಿ ಬೇಡ, ಬದನೆ ಬೇಡ, ಕುಂಬಳ ಬೇಡ, ಕರಿದುದು ಬೇಡ, ತೊಗರಿಕಟ್ಟಿನ ಸಾರು, ತುಪ್ಪ, ಹಳೆಯ ಅಕ್ಕಿಯ ಅನ್ನ” ಎನ್ನುವರು. ತಾಯಿಯ ಮನೆಯಲ್ಲಿ ಇದು ಒಂದು ಒಲೆಯ ಮಾತು. ವಾರಾನ್ನದ ಹುಡುಗನಿಗಾದರೋ ಏಳು ಒಲೆಗಳ ಮಾತು! ತನಗಾಗಿ ಬೇರೆ ಸಾರನ್ನು ಮಾಡಿರೆಂದು ಉಪಕಾರ ಮಾಡುತ್ತಿರುವ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನು ಯಾವ ಬಾಯಿಂದ ಕೇಳಬೇಕು? ಅನೇಕರು ಕೇಳಲಿಲ್ಲ. ಹುಳಿಯನ್ನು ಸುಮ್ಮನೆ ಉಂಡು, ಮಾತ್ರೆಯನ್ನು ಸುಮ್ಮನೆ ನುಂಗಿ, ಗುಣವಾಗದಿದ್ದಾಗ ಮದ್ದು ಹಿಡಿಯಲಿಲ್ಲವೆಂದು ಊರಿಗೆ ಹೋದರು. ಎಲ್ಲೆಲ್ಲಿ ಮನೆಯೊಡತಿಯೊಬ್ಬಳು ಮುಖವನ್ನು ನೋಡಿಯೇ ತಿಳಿದು, “ಯಾಕಪ್ಪ, ಔಷಧಿ ತಗೋತಿದೀಯಾ? ಮೊದಲೇ ಹೇಳಬಾರದೇ, ನಿನಗೆ ಬೇರೆ ಮಾಡ್ತಿದ್ದೆ” ಎಂದಳೋ ಅಲ್ಲಿ ಆ ಹುಡುಗ ಬದುಕಿಕೊಂಡನು. ಅಂಥ ತಾಯಂದಿರು ಇದ್ದರು, ಅವರ ಸಂಖ್ಯೆ ಸಣ್ಣದಲ್ಲ. ಆದರೆ ಮಗುವಿನ ಆರೋಗ್ಯವು ಆತಿಥೇಯಳ ಕಣ್ಣಿನ ಚುರುಕನ್ನೇ ನಂಬಿಕೊಂಡಿರಬೇಕಾದ ವ್ಯವಸ್ಥೆ ಒಳ್ಳೆಯ ವ್ಯವಸ್ಥೆಯಲ್ಲ. ಮುಂದೆ ಜಾತಿಜಾತಿಯ ವಿದ್ಯಾರ್ಥಿನಿಲಯಗಳೂ ಸರ್ಕಾರದ ಹಾಸ್ಟೆಲುಗಳೂ ಬಂದಾಗ ಏಳು ಒಲೆಗಳು ಹೋಗಿ ಒಂದು ಒಲೆಯಾಯಿತು. ಆ ಒಂದು ಒಲೆ ನೂರು ಮಂದಿಗೆ ಒಂದೇ ಸಾರನ್ನು ಮಾಡುತ್ತಿದ್ದುದರಿಂದ ಪಥ್ಯದ ಪ್ರಶ್ನೆ ಅಲ್ಲಿಯೂ ಬಗೆಹರಿಯಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಿಕಿತ್ಸೆಯ ಸನ್ನಿವೇಶವೇ ಬದಲಾಯಿತು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರು ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಮೈಸೂರಿನಲ್ಲಿ 1908ರಲ್ಲಿ ಆಯುರ್ವೇದ ಪಾಠಶಾಲೆ ಸ್ಥಾಪಿತವಾಯಿತು. ತಾಲ್ಲೂಕು ಕಸಬೆಗಳಲ್ಲಿ ಸರ್ಕಾರಿ ಡಿಸ್ಪೆನ್ಸರಿಗಳು ಬೇರೂರಿದವು. ಡಿಸ್ಪೆನ್ಸರಿಗೆ ಹೋಗುವವರು ಸೀಸೆಯನ್ನು ಮನೆಯಿಂದಲೇ ತೊಳೆದುಕೊಂಡು ಹೋಗಬೇಕು. ಡಾಕ್ಟರು ಚೀಟಿ ಬರೆಯುವರು. ಕಿಟಕಿಯ ಆಚೆಯಿಂದ ಕಾಂಪೌಂಡರು ದೊಡ್ಡ ಜಾಡಿಯ ಮಿಕ್ಸ್ಚರನ್ನು ಸೀಸೆಗೆ ಅಳೆದು ತುಂಬಿಸಿ, ಬೂಚನ್ನು ಒತ್ತಿ, ಸೀಸೆಯ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಒಂದು ಬಿಳಿಯ ಕಾಗದದ ಪಟ್ಟಿಯನ್ನು ಅಂಟಿನಿಂದ ಹೊರಮೈಗೆ ಮೆತ್ತುವನು. ಆ ಪಟ್ಟಿಯನ್ನು ಉದ್ದಕ್ಕೆ ಮಡಿಸಿ, ಮಡಿಕೆಯ ಕಡೆ ಕತ್ತರಿಯಿಂದ ಸಮದೂರದಲ್ಲಿ ಕಚ್ಚುಗಳನ್ನು ಮಾಡಿ ಬಿಚ್ಚಿರುತ್ತಿದ್ದುದರಿಂದ, ಅದು ಒಂದರ ಕೆಳಗೊಂದು ಪೋಣಿಸಿದ ಹಲ್ಲುಗಳಂತೆ ಕಾಣುತ್ತಿದ್ದಿತು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. “ಅಲ್ಲಾಡಿಸಿ ಕೊಡಿ, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಒಂದು ಗುರ್ತು.”

ಕಾಗದದ ಆ ಹಲ್ಲುಪಟ್ಟಿಯನ್ನು ನಮ್ಮ ನಾಡಿನ ಆರೋಗ್ಯದ ಇತಿಹಾಸದಲ್ಲಿ ಗೌರವದಿಂದ ನೆನೆಯಬೇಕೆಂದು ನನ್ನ ಅಭಿಪ್ರಾಯ. ಕಲ್ಲಿನ ಸುತ್ತು ತೇಯುವವಳ ಕೈಯಲ್ಲಿಯೇ ಉಳಿಯುತ್ತಿದ್ದಿತು, ಬಾಯಿಮಾತು ಕೇಳಿದವಳ ನೆನಪಿನಲ್ಲಿ. ಈ ಗುರುತಾದರೋ ಔಷಧದ ಮೈಗೇ ಅಂಟಿಕೊಂಡಿತು. ಅಕ್ಷರವಿಲ್ಲದವರೂ ಅದನ್ನು ಓದಬಲ್ಲವರಾಗಿದ್ದರು. ಮಗುವು ಸೀಸೆಯೊಡನೆ ಅತ್ತೆಯ ಮನೆಗೆ ಹೋದರೆ ಅತ್ತೆಗೆ ಪ್ರಮಾಣವನ್ನು ಹೇಳಬೇಕಾಗಿರಲಿಲ್ಲ; ಸಂಜೆ ನೋಡಿದರೆ ಎಷ್ಟು ಹೊತ್ತು ಕೊಟ್ಟಿದ್ದಾರೆ, ಎಷ್ಟು ತಪ್ಪಿದೆ ಎಂಬುದು ಪಟ್ಟಿಯಿಂದಲೇ ತಿಳಿಯುತ್ತಿದ್ದಿತು.

ದೊಡ್ಡವರ ಮದ್ದನ್ನು ಮಗುವಿಗೆ ಎಷ್ಟರಮಟ್ಟಿಗೆ ಇಳಿಸಬೇಕೆಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಶಾರ್ಙ್ಗಧರಸಂಹಿತೆಯ ವಿಧಿಯಂತೆ ಮೊದಲ ತಿಂಗಳ ಕೂಸಿಗೆ ಒಂದು ಗುಲಗಂಜಿಯ ತೂಕ. ವರ್ಷ ತುಂಬುವವರೆಗೆ ತಿಂಗಳಿಗೊಂದು ಗುಲಗಂಜಿಯಂತೆ ಏರಿಸುತ್ತ ಹೋಗಬೇಕು. ಇಂಗ್ಲಿಷ್ ವೈದ್ಯದ ಕಾಂಪೌಂಡರುಗಳು ಕಲಿತದ್ದು ಥಾಮಸ್ ಯಂಗನ ಸೂತ್ರ: ಮಗುವಿನ ವಯಸ್ಸನ್ನು, ವಯಸ್ಸಿಗೆ ಹನ್ನೆರಡನ್ನು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಬರುವ ಭಾಗವೇ ಮಗುವಿನ ಪಾಲು, ನಾಲ್ಕು ವರ್ಷದವನಿಗೆ ಕಾಲುಪಾಲು, ಹನ್ನೆರಡು ವರ್ಷದವನಿಗೆ ಅರ್ಧಪಾಲು. ಎರಡು ಸೂತ್ರಗಳೂ ವಯಸ್ಸನ್ನೇ ನಂಬಿದವು. ಈಗಿನ ವೈದ್ಯರು ಮಗುವಿನ ತೂಕವನ್ನು ನೋಡಿ ಲೆಕ್ಕ ಹಾಕುತ್ತಾರೆ. ಬಡಕಲು ಮಕ್ಕಳೇ ಹೆಚ್ಚಾಗಿದ್ದ ನಮ್ಮಂಥ ಸೀಮೆಗೆ ಇದು ಹೆಚ್ಚು ನ್ಯಾಯವಾದ ಕ್ರಮ.

ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ರೈಲುದಾರಿ ಬಂದ ಮೇಲೆ ಗಂಟಿನೊಳಗಿನ ವಸ್ತುಗಳೂ ಬದಲಾದವು. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಚೂರ್ಣ ಲೇಹ್ಯಗಳೂ, ಮುಂಬಯಿಯ ಡೋಂಗ್ರೆ ಬಾಲಾಮೃತವೂ, ವುಡ್‌ವರ್ಡ್ ಗ್ರೈಪ್ ವಾಟರೂ ಅಚ್ಚಾದ ಚೀಟಿಯೊಡನೆ ಬರತೊಡಗಿದವು. ವಿಧಿ ಈಗ ಅಕ್ಷರದಲ್ಲಿ ಬಂದಿತು, ಕೆಲವೊಮ್ಮೆ ಕನ್ನಡದಲ್ಲಿಯೂ.

ಶಿಬಿರದ ಕಥೆ ಇದಕ್ಕೆ ಸಮಾನಾಂತರವಾಗಿ ಬೆಳೆದದ್ದು. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ 1907ರಲ್ಲಿ ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ಲನು ಹುಡುಗರ ಬಿಡಾರವನ್ನು ಹೂಡಿದ ಮೇಲೆ, ಒಂದು ದಶಕದೊಳಗಾಗಿ ಮೈಸೂರು ಸಂಸ್ಥಾನದ ಹುಡುಗರೂ ಸ್ಕೌಟುಗಳಾಗಿ ಗುಡಾರಗಳಲ್ಲಿ ಮಲಗಲು ಕಲಿತರು. ಅಂಥ ಬಿಡಾರಗಳು ಆರೋಗ್ಯವಂತರಿಗೆ ಮಾತ್ರ. ಪ್ರತಿದಿನ ಮದ್ದು ಬೇಕಾದ ಮಗುವು ಮನೆಯಲ್ಲಿಯೇ ಇರತಕ್ಕುದೆಂಬುದು ಲೋಕದ ಭಾವನೆಯಾಗಿದ್ದಿತು. ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊಟ್ಟಮೊದಲು ಇನ್ಸುಲಿನ್ನನ್ನು ಚುಚ್ಚಿದರು. ಅದುವರೆಗೆ ಮಧುಮೇಹದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಮೂರೇ ವರ್ಷಗಳಲ್ಲಿ, 1925ರಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಡಾಕ್ಟರ್ ವೆಂಟ್ ಎಂಬವರು ಇಂಥ ಮಕ್ಕಳಿಗಾಗಿಯೇ ಬೇಸಿಗೆಯ ಬಿಡಾರವನ್ನು ಏರ್ಪಡಿಸಿದರು. ಸಾವಿನ ಬಾಯಿಂದ ಬಂದ ಮಕ್ಕಳನ್ನು ಹಾಸಿಗೆಯಲ್ಲಿ ಕಾಯದೆ ಕೆರೆಯ ದಂಡೆಯಲ್ಲಿ ಆಡಲು ಬಿಟ್ಟ ಆ ವೈದ್ಯನ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನಮ್ಮ ತಾಲ್ಲೂಕುಗಳಲ್ಲಿ ನಾಟಕ, ಚಿತ್ರ, ಸಂಗೀತ, ಯೋಗ ಎಂದು ಬೇಸಿಗೆ ಶಿಬಿರಗಳು ಸಾಮಾನ್ಯವಾದದ್ದು ಈಚಿನ ದಶಕಗಳಲ್ಲಿ. ಅವುಗಳಿಗೆ ಹೋಗುವ ಮಕ್ಕಳಲ್ಲಿ ಉಬ್ಬಸದ ಇನ್ಹೇಲರಿನವರೂ, ಮೂರ್ಛೆರೋಗದ ಮಾತ್ರೆಯವರೂ, ಇನ್ಸುಲಿನ್ ಬೇಕಾದವರೂ ಇದ್ದಾರೆ. ಇಂಥ ಮಗುವಿನ ತಾಯಿ ಏಪ್ರಿಲ್ಲಿನಲ್ಲಿ ಕುಳಿತು ಕಟ್ಟುವ ಗಂಟನ್ನು ಗಮನಿಸಿದರೆ ಹಿಂದಿನ ಎಲ್ಲ ಕಾಲಗಳೂ ಅದರೊಳಗೆ ಕಾಣುತ್ತವೆ. ವಾರದ ಏಳು ದಿನಕ್ಕೆ ಏಳು ಗೂಡುಗಳ ಪ್ಲಾಸ್ಟಿಕ್ ಡಬ್ಬಿ ಕ್ವಿನೈನ್ ಪೊಟ್ಟಣದ ವಂಶದ್ದು. ಆದರೆ ಮಾತ್ರೆಗಳನ್ನು ಪಟ್ಟಿಯಿಂದ ಕಿತ್ತು ಡಬ್ಬಿಗೆ ಸುರಿದೊಡನೆ ಅವುಗಳ ಹೆಸರೂ ಅವಧಿಯ ತಾರೀಖೂ ಕಳೆದುಹೋಗುವುವು. ಬಿಳಿಯ ಮಾತ್ರೆಗಳೆಲ್ಲ ಒಂದೇ ರೂಪದವು. ಆದುದರಿಂದ ಮನೆಯಲ್ಲಿ ಡಬ್ಬಿ ಉಪಯುಕ್ತವಾದರೂ, ಅಪರಿಚಿತರ ಕೈಗೆ ಕೊಡುವಾಗ ಮೂಲ ಪಟ್ಟಿಯಲ್ಲಿಯೇ, ವೈದ್ಯರ ಚೀಟಿಯ ಪ್ರತಿಯೊಡನೆ, ಪ್ರಯಾಣ ತಡವಾದೀತೆಂದು ಎರಡು ದಿನದ ಹೆಚ್ಚಿನ ಮದ್ದನ್ನೂ ಸೇರಿಸಿ ಕೊಡುವುದು ಕ್ಷೇಮ. ಮೂರ್ಛೆಯ ಮಾತ್ರೆ ಒಂದು ಹೊತ್ತು ತಪ್ಪಿದರೂ ಮಗು ಬಿದ್ದೀತು. ಹೊಸ ಊರಿನ ಗದ್ದಲದಲ್ಲಿ, ರಾತ್ರಿಯ ನಾಟಕದ ಸಂಭ್ರಮದಲ್ಲಿ ತಪ್ಪುವುದು ಅದೇ ಹೊತ್ತು. ಉಬ್ಬಸದ ಇನ್ಹೇಲರು ಕಚೇರಿಯ ಬೀರುವಿನಲ್ಲಿದ್ದು ಪ್ರಯೋಜನವಿಲ್ಲ, ಮಗುವಿನ ಚೀಲದಲ್ಲಿಯೇ ಇರಬೇಕು.

ಇನ್ಸುಲಿನ್ನಿನ ವಿಷಯ ಇನ್ನೂ ನಾಜೂಕು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಬಳಸಲು ತೊಡಗಿದುದನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿಡಬಹುದಾದರೂ ಬೇಸಿಗೆಯ ಬಿಸಿಲು ತಾಗಕೂಡದು. ಶೀತಕಯಂತ್ರವಿಲ್ಲದ ಶಿಬಿರದಲ್ಲಿ ಏನು ಗತಿ? ನಮ್ಮ ಕುಂಬಾರರ ಮಡಕೆಯೇ ಗತಿ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯನ್ನಿಟ್ಟು, ನಡುವಿನ ಮರಳಿಗೆ ನೀರು ಚಿಮುಕಿಸಿ, ಒಳಗಡೆ ಸೀಸೆಯನ್ನಿಟ್ಟು ನೆರಳಿನಲ್ಲಿರಿಸಿದರೆ ಹೊರಗಿಗಿಂತ ಹಲವು ಡಿಗ್ರಿ ತಂಪಾಗಿರುತ್ತದೆಂದು ಮಧುಮೇಹದ ವೈದ್ಯರು ಪರೀಕ್ಷಿಸಿ ಒಪ್ಪಿದ್ದಾರೆ. ಸೂಜಿಮದ್ದಿಗೂ ಊಟಕ್ಕೂ ಇರುವ ನಂಟು ಬಿಗಿಯಾದುದು: ಚುಚ್ಚಿದ ಮೇಲೆ ಊಟ ಒಂದು ತಾಸು ತಡವಾದರೆ ಮಗು ಬೆವರಿ ತಲೆಸುತ್ತಿ ಬೀಳಬಹುದು. ಸಮಾರೋಪದ ದಿನ ಮುಖ್ಯ ಅತಿಥಿಗಳು ಬರುವವರೆಗೆ ಮಕ್ಕಳ ಊಟವನ್ನು ನಿಲ್ಲಿಸುವ ರೂಢಿಯುಳ್ಳ ಶಿಬಿರಗಳವರು ಇದನ್ನು ಮನಸ್ಸಿನಲ್ಲಿಡಬೇಕು. ಬೆಳಗೊಳದ ಕಡೆಯ ಜೈನರ ಮಗು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂಬುದನ್ನೂ ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಮದ್ದಿನ ವೇಳೆಯನ್ನು ಅದಕ್ಕೆ ಹೊಂದಿಸಿಕೊಡುವರು.

ನಮ್ಮ ಶಿಬಿರಗಳಲ್ಲಿ ಅಡಿಗೆಯವರು ಗೊತ್ತು, ಹಾಡು ಹೇಳಿಕೊಡುವವರು ಗೊತ್ತು, ಬಸ್ಸಿನ ಚಾಲಕರೂ ಗೊತ್ತು. ಮಕ್ಕಳ ಮದ್ದು ಯಾರ ಹೊಣೆಯೆಂದು ಕೇಳಿದರೆ ಮಾತ್ರ ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು ಕಂಡಿದ್ದೇನೆ. ಒಬ್ಬರ ಹೆಸರನ್ನು ಮೊದಲ ದಿನವೇ ಗೊತ್ತುಪಡಿಸಿ, ಒಂದು ಬೀಗದ ಪೆಟ್ಟಿಗೆಯನ್ನೂ ಒಂದು ಉದ್ದನೆಯ ಪುಸ್ತಕವನ್ನೂ ಅವರ ಕೈಗೆ ಕೊಡಬೇಕು. ಮಗುವನ್ನು ಬಿಡಲು ಬಂದ ತಾಯಿ ಹೇಳಿದುದನ್ನು ಅವರು ಬರೆದುಕೊಂಡು, ಬರೆದುದನ್ನು ಅವಳಿಗೆ ಓದಿ ಹೇಳಿ ಅವಳಿಂದ ರುಜು ಪಡೆಯಬೇಕು. ಕೊಟ್ಟ ಪ್ರತಿಯೊಂದು ಹೊತ್ತನ್ನೂ ಗಂಟೆಯ ಸಮೇತ ಗುರುತು ಹಾಕಬೇಕು. ಶಿಬಿರ ಮುಗಿದ ದಿನ ಉಳಿದ ಮಾತ್ರೆಗಳನ್ನು ತಾಯಿಯ ಮುಂದೆಯೇ ಎಣಿಸಿ ಹಿಂದಕ್ಕೆ ಕೊಡಬೇಕು. ಇದಕ್ಕೆ ಬೇಕಾದ ವೆಚ್ಚ ಒಂದು ಪುಸ್ತಕದ ಬೆಲೆ. ಮುಂದಿನ ಏಪ್ರಿಲ್ಲಿನೊಳಗೆ ನಮ್ಮ ನಾಲ್ಕು ಊರುಗಳ ಶಿಬಿರಗಳವರು ಇಷ್ಟನ್ನು ಮಾಡಿಕೊಳ್ಳುವುದು ಕಷ್ಟವೇನೂ ಆಗಲಾರದು.